ಆಕ್ಷೇಪಣೆ ಸಂಖ್ಯೆ ನಾನೂರ ಹದಿನೇಳು

ಹಳದಿ ಅಂದರೆ ವಾಸ. ನೇರಳೆ ಅಂದರೆ ಕೈಗಾರಿಕೆ.
ನೀಲಿ ಅಂಗಡಿ, ಕೆಂಪು ಕಚೇರಿ,
ಹಸಿರು ಎಂದರೆ ಇನ್ನೂ ಯಾರೂ ಕೇಳದ ಹೊಲ.
ಇಪ್ಪತ್ತಾರು ವರ್ಷ ಇದೇ ಐದು ಬಣ್ಣಗಳಲ್ಲಿ
ದಾವಣಗೆರೆಗೆ ಅಂಗಿ ಹೊಲಿದಿದ್ದೇನೆ;
ಅಳತೆ ಕೊಡಲು ಅದು ಯಾವತ್ತೂ ಬಂದು ನಿಂತದ್ದಿಲ್ಲ.
ಕಂಪ್ಯೂಟರು ಬಂದ ಮೇಲೂ ಗೋಡೆಯ ಪ್ರತಿ ನನ್ನ ಕುಂಚದ್ದೇ.

ಕರಡು ನಕ್ಷೆ ತೂಗುಹಾಕಿ
ಅರವತ್ತು ದಿನದ ಗಡುವು ಕೊಟ್ಟಿದ್ದೆವು.
ಐವತ್ತೆಂಟನೆಯ ದಿನ, ಊಟದ ಹೊತ್ತಿಗೆ, ಚಮನ್‌ಬಿ ಬಂದಳು.
ರೆಪ್ಪೆಯ ಮೇಲೆ ಹೊಟ್ಟಿನ ಬೂದಿ.
ಅರ್ಜಿ ಬಿಚ್ಚಿದರೆ ಮಡಿಕೆಯಿಂದ ಭಟ್ಟಿಯ ಮರಳು
ಮೇಜಿನ ಮೇಲೆ ಸುರಿಯಿತು.

"ನಮ್ಮ ಮನಿ ಎಲ್ಲೈತಿ ತೋರಿಸ್ರಿ ಇದ್ರಾಗ."

ಹುಡುಕಿದೆ. ಮನೆ ಇರಲಿಲ್ಲ.
ಅಲ್ಲಿ ಎಂಬತ್ತು ಅಡಿ ರಸ್ತೆ ಇತ್ತು,
ನಾನೇ ಎಳೆದದ್ದು, ಒಂದೇ ಉಸಿರಿಗೆ.

"ಮತ್ತ ನಮಗ ಕೊಡೋ ಮನಿ?"
ಬೆರಳು ಜಾರಿಸುತ್ತ ಹೋದೆ: ರೈಲ್ವೆ ಗೇಟು ದಾಟಿ, ಬೈಪಾಸು ದಾಟಿ,
ಭದ್ರೆಯ ಉಪಕಾಲುವೆ ದಾಟಿ,
ಹೋದ ಸುಗ್ಗಿಯವರೆಗೂ ಭತ್ತ ಬೆಳೆದ ಎರೆಹೊಲ.
ಹೊಸ ಹಳದಿ. ಹದಿಮೂರು ಕಿಲೋಮೀಟರು.
ಅಲ್ಲಿ ಜಾಗ ಅಗ್ಗ, ಅಂದೆ.
"ಬಸ್ಸು?" ಅಂದಳು.
ನಕ್ಷೆಯಲ್ಲಿ ಬಸ್ಸಿಗೆ ಬಣ್ಣವಿಲ್ಲ.

ಬೆರಳ ಗೆಣ್ಣಿನಲ್ಲಿ ಎಣಿಸಿದಳು:
ನಸುಕಿನ ಮೂರಕ್ಕೆ ಒಲೆ ಹಚ್ಚಬೇಕು,
ಮೂರಕ್ಕೆ ಯಾವ ಬಸ್ಸೂ ಇಲ್ಲ,
ಆಟೋಗೆ ಕೊಟ್ಟರೆ ಮನೆಗೆ ಬರುವುದು ಅರ್ಧ ಕೂಲಿ.
"ಸ್ವಂತ ಮನಿ ಅಂತೀರಿ,
ದಿನಾ ದಾರಿಗೆ ಬಾಡಿಗಿ ಕಟ್ಟಬೇಕಲ್ರೀ."
ಆಮೇಲೆ, ಅಷ್ಟೇನೂ ಮುಖ್ಯವಲ್ಲ ಎಂಬಂತೆ,
"ಭತ್ತದ ಹೊಲಾನೂ ಮನಿ ಆದ್ರ
ನಾವು ಹುರಿಯೋದೇನು, ಬರೀ ಮರಳಾ?"

ಮತ್ತೆ ನಕ್ಷೆಗೆ ಬಗ್ಗಿದಳು.
"ಇದೇನಿದು, ಬದನಿಕಾಯಿ ಬಣ್ಣದ್ದು?"

ಅದು ಗಿರಣಿ. ನಲವತ್ತೆರಡು ಎಕರೆ.
ನಾನು ಕೆಲಸಕ್ಕೆ ಸೇರುವ ಮೊದಲೇ ಅದರ ಭೋಂಗಾ ನಿಂತಿತ್ತು;
ಕೋರ್ಟಿನಲ್ಲಿ ಕೇಸು ಮಾತ್ರ ಮೂರು ಪಾಳಿಯಲ್ಲೂ ನಡೆದಿದೆ.
ನೂಲಿನ ಶೆಡ್ಡಿನ ತಗಡು ಸೀಳಿ ಬೇವು ಎದ್ದಿದೆ,
ಕಾವಲುಗಾರನ ನಾಯಿಗೆ ಮೂರನೆಯ ತಲೆಮಾರು.
ಹತ್ತು ವರ್ಷಕ್ಕೊಮ್ಮೆ ನಾನದಕ್ಕೆ ಹೊಸದಾಗಿ ನೇರಳೆ ಬಳಿಯುತ್ತೇನೆ,
ಸತ್ತವರ ಹೆಸರು ರೇಷನ್ ಕಾರ್ಡಿನಲ್ಲಿ ಉಳಿದುಬರುವ ಹಾಗೆ.

ನಿಮ್ಮ ಭಟ್ಟಿಯಿಂದ ಎಷ್ಟು ದೂರ, ಕೇಳಿದೆ ಸ್ಕೇಲು ತೆಗೆದು.
ಅವಳು ಸ್ಕೇಲಿನ ಕಡೆ ನೋಡಲಿಲ್ಲ.
"ಸೆರಗಿನಾಗ ಕಟ್ಟಿದ ಮಂಡಕ್ಕಿ
ಬಿಸಿ ಆರೋದರೊಳಗ ಮುಟ್ಟಬಹುದು.
ನಮ್ಮಮ್ಮ ಹಂಗ ಅಳೀತಿದ್ಲು, ಮನಿ ಹಿಡಿಯೋವಾಗ."

ಷರಾ ಕಾಲಮ್ಮಿನಲ್ಲಿ ಹಾಗೆಯೇ ಬರೆದೆ, ಒಂದಕ್ಷರ ತಿದ್ದದೆ.
ಸಭೆಯಲ್ಲಿ ಒಬ್ಬ ಸದಸ್ಯರು ಓದಿ ನಕ್ಕರು.
ಇನ್ನೊಬ್ಬರು ನಗಲಿಲ್ಲ.
ಚಹಾ ಬಂತು, ವಿಷಯ ಮುಂದಕ್ಕೆ ಹೋಯಿತು,
ಮತ್ತೆ ವಿಷಯ ಬಂತು, ಮತ್ತೆ ಚಹಾ.
ಮಳೆಗಾಲ ಕಳೆದ ಮೇಲೆ, ಕೇಸಿಗೆ ಸೇರದ ಒಂಬತ್ತು ಎಕರೆ,
ಒಂದು ಕಾಲಕ್ಕೆ ಗಿರಣಿಯವರು ವಾಲಿಬಾಲ್ ಆಡಿದ ಮೂಲೆ,
ಮಿಶ್ರ ಬಳಕೆ ಎಂದು ತೀರ್ಮಾನ:
ಒಂದು ಬದಿ ಭಟ್ಟಿ, ಗಾಳಿಗೆ ಎದುರಾಗಿ ಮನೆ.
ಕಾಲುವೆಯಾಚೆಯ ಹೊಲಕ್ಕೂ ಹಸಿರು ಮರಳಿತು, ಅರ್ಧದಷ್ಟು;
ಉಳಿದರ್ಧ ಆಗಲೇ ಸೈಟಿನ ಕಲ್ಲು ನೆಟ್ಟವರದು.
ಎಂಬತ್ತು ಅಡಿ ರಸ್ತೆ ಇದ್ದಲ್ಲೇ ಇದೆ.

ಮಿಶ್ರಕ್ಕೆ ನಮ್ಮ ಪೆಟ್ಟಿಗೆಯಲ್ಲಿ ಬಣ್ಣವಿರಲಿಲ್ಲ.
ಹಳದಿಯ ಮೇಲೆ ನೇರಳೆ ಬಿಟ್ಟೆ.
ತಟ್ಟೆಯಲ್ಲಿ ಅದು ತಿರುಗಿ ತಿರುಗಿ ಕಂದಾಯಿತು,
ಭತ್ತದ ಹೊಟ್ಟಿನ ಕಂದು.
ಊರಿನ ಮೈಬಣ್ಣ ಅದೇ ಇದ್ದೀತು,
ನಾನು ಇಷ್ಟು ವರ್ಷ ಬಿಡಿಸಿ ಬಿಡಿಸಿ ಬೇರೆ ಇಟ್ಟದ್ದು.

ಒಂದು ಭಾನುವಾರ ಯಾರಿಗೂ ಹೇಳದೆ
ಚಮನ್‌ಬಿಯ ಭಟ್ಟಿಯಲ್ಲಿ ಒಂದು ಸೇರು ಮಂಡಕ್ಕಿ ಕಟ್ಟಿಸಿಕೊಂಡು
ಗಿರಣಿಯವರೆಗೆ ನಡೆದೆ.
ಗೇಟಿಗೆ ಬೀಗ. ನಾಯಿ ಬೊಗಳಿತು.
ಪೊಟ್ಟಣ ಇನ್ನೂ ಕೈ ಸುಡುತ್ತಿತ್ತು.