ಐವತ್ತೆರಡು ಗಂಟೆ

ಬೆಂಗಳೂರಿಂದ ಗುವಾಹಟಿಗೆ
ಗೆರೆ ಎಳೆದಂತೆ ಹಾರಿದರೆ ಎರಡು ಸಾವಿರ ಚಿಲ್ಲರೆ ಕಿಲೋಮೀಟರು,
ಮೂರು ಗಂಟೆ. ನಡುವೆ ಒಂದು ಸ್ಯಾಂಡ್‌ವಿಚ್ಚು, ಅದಕ್ಕೆ ದುಡ್ಡು ಬೇರೆ.
ಕೆ.ಆರ್. ಪುರದ ತೂಗುಸೇತುವೆಯ ಪಕ್ಕ, ಝೆರಾಕ್ಸ್ ಮಷೀನಿನ ಬಿಸಿಯಲ್ಲಿ ಕೂತು
ಹನ್ನೊಂದು ವರ್ಷದಿಂದ ನಾನು ಮಾರುತ್ತಿರುವುದು
ಜನಕ್ಕೆ ಉಳಿಯುವ ಹೊತ್ತನ್ನು.

ರಂಜಯ್ ದೈಮಾರಿ, ಎದುರಿನ ಅಪಾರ್ಟ್‌ಮೆಂಟಿನ ವಾಚ್‌ಮನ್,
ಟೋಪಿ ಕಂಕುಳಲ್ಲಿಟ್ಟು ನಿಂತ.
ಅಣ್ಣ ಬೆಳಗಿನ ಜಾವ ಹೋದನಂತೆ.
"ಮಣ್ಣು ಸಂಜೆಗೇ" ಅಂದ, ನಾನೇ ಕಲಿಸಿದ ಕನ್ನಡದಲ್ಲಿ.

ಅವಸರವಸರವಾಗಿ ಕೀಲಿ ಕುಟ್ಟಿದೆ.
ಮಧ್ಯಾಹ್ನದ್ದೊಂದಿದೆ, ಎರಡೇ ಸೀಟು. ಆದರೆ
ಇಲ್ಲಿಂದ ದೇವನಹಳ್ಳಿಗೆ ಎರಡು ಗಂಟೆ, ಅದೂ ಹೆಬ್ಬಾಳ ದಯೆ ತೋರಿದರೆ;
ಅಲ್ಲಿಳಿದು ಉದಾಲ್‌ಗುರಿಗೆ ಬಸ್ಸು, ಮೂರೋ ನಾಲ್ಕೋ.
ಬೆರಳು ಮಡಿಚಿ ಮಡಿಚಿ ಕೂಡಿದೆ.
ಹೇಗೆ ಕೂಡಿದರೂ ಸಂಜೆ ದಾಟುತ್ತಿತ್ತು.

"ರೈಲು ನೋಡಕ್ಕಾ" ಅಂದ.
ಐವತ್ತೆರಡು ಗಂಟೆ ಕಣೋ.
"ಇರಲಿ. ಮೂರು ಗಂಟೇಲಿ ಇಳಿದುಬಿಟ್ಟರೆ
ಅತ್ತಿಗೆ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?
ಇನ್ನೂ ಇಲ್ಲಿನ ಮುಖವೇ ಇರುತ್ತೆ."

ವೇಟಿಂಗ್ ಲಿಸ್ಟ್ ನಲವತ್ತು.
ಆಗಬಹುದು, ಆಗದೆಯೂ ಇರಬಹುದು.
ಕಮಿಷನ್ ಬೇಡವೆಂದೆ. ಐವತ್ತು ರೂಪಾಯಿ
ಗಾಜಿನ ಮೇಲಿಟ್ಟು, ಟೋಪಿ ಹಾಕಿಕೊಂಡು ಹೋದ,
ಗೇಟಿಗೆ ಬದಲಿ ಆಳು ಬರುವವರೆಗೆ ನಿಲ್ಲಬೇಕಂತೆ.

ಕಂಪ್ಯೂಟರಿನಲ್ಲಿ ಆ ಮಧ್ಯಾಹ್ನದ ವಿಮಾನ ಇನ್ನೂ ತೆರೆದೇ ಇತ್ತು.
ನಾನು ಮುಚ್ಚಲಿಲ್ಲ.
ನೋಡನೋಡುತ್ತ ಎರಡು ಸೀಟು ಒಂದಾಯಿತು,
ಬೆಲೆ ಆರುನೂರು ಏರಿತು.