ಮೂರು ಹೊರಗೆ, ಎರಡು ಒಳಗೆ

ಏಡಿ ಒಂದಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿದ್ದ
ಲಾರಿಟ್ಸ್, ಪ್ರಯೋಗಶಾಲೆಯ ಬಾಗಿಲಲ್ಲೇ ನಿಂತು, ಟೋಪಿ ತೆಗೆಯದೆ.
ಹತ್ತು ಓರೆ, ಎಂದರು.
ಮೀನು ತಿಂದು ಬಲೆ ಹರಿಯುವ ಈ ಹಸಿರು ಶನಿಗಳಿಗೆ
ದುಡ್ಡು ಕೊಡುವ ಹುಚ್ಚರೂ ಇದ್ದಾರಲ್ಲ ಆರ್ಹುಸ್‌ನಲ್ಲಿ!
ಊರಿಗೆ ಮರಳಿ ಬಿಯರಿನಂಗಡಿಯಲ್ಲಿ
ಎರಡೆರಡು ಸಲ ಹೇಳಿ ನಕ್ಕ.

ಅಂದಿನಿಂದ ಪ್ರತಿ ಮಂಗಳವಾರ
ಒದ್ದೆ ಗೋಣಿಯಲ್ಲಿ ಪರಪರ ಸದ್ದು ಹೊತ್ತು
ಬಸ್ಸಿಗೆ ಬರುತ್ತಾಳೆ ಅವನ ಮಗಳು ಯುಟ್ಟೆ.
ಪಕ್ಕದ ಸೀಟು ಯಾವತ್ತೂ ಖಾಲಿ.

ಚೀಲ ಇಳಿಸಿ ಹೋಗುತ್ತಿದ್ದವಳು
ಒಂದು ದಿನ ನಿಂತು ನೋಡಿದಳು:
ಬಿಳಿ ಕೋಟಿನ ಹುಡುಗ ಏಡಿಯ ಕಾಲು ಮುರಿದು, ಎಳೆದು,
ನರ ತುಂಡಾಗಿ, ತನ್ನನ್ನೇ ಬೈದುಕೊಳ್ಳುತ್ತಿದ್ದ.
ಕೊಡಿ ಇಲ್ಲಿ, ಎಂದಳು.
ಗೆಣ್ಣಿನ ಸುತ್ತ ಕತ್ತರಿಯ ಒಂದು ಗೀರು,
ಮೆಲ್ಲಗೆ ಒಂದು ಜಗ್ಗು,
ಬಂತು ಬಿಳಿಯ ನೂಲು, ಇಡಿಯಾಗಿ.
ನಾಳೆಯಿಂದ ಕೆಲಸಕ್ಕೆ ಬಾ, ಎಂದರು.

ನರವನ್ನು ಮಂಜುಗಡ್ಡೆಯಲ್ಲಿಟ್ಟು ಅರೆಯಬೇಕು.
ಅರೆದದ್ದಕ್ಕೆ ಎಟಿಪಿ ಉಣಿಸಬೇಕು.
ಎಷ್ಟು ಉಂಡಿತು, ಎಷ್ಟು ಹೊತ್ತಿನಲ್ಲಿ, ಬರೆದಿಡಬೇಕು.
ಸೋಡಿಯಂ ಒಂದನ್ನೇ ಬೆರೆಸಿದರೆ ಅರೆಗಣ್ಣು.
ಪೊಟ್ಯಾಸಿಯಂ ಒಂದನ್ನೇ ಬೆರೆಸಿದರೆ ಅದೂ ಇಲ್ಲ.
ಎರಡನ್ನೂ ಬೆರೆಸಿದ ಮಧ್ಯಾಹ್ನ
ಕೊಳವೆಯ ನೀಲಿ ಗಾಢವಾಗುತ್ತಾ, ಆಗುತ್ತಾ ಹೋಯಿತು.
ಸತ್ತು, ಅರೆದುಹೋದ ಏಡಿಯೊಳಗೆ
ಯಾರೋ ಎದ್ದು ಕೂತಂತೆ.

ಎಷ್ಟೋ ವರ್ಷಗಳ ಮೇಲೆ, ಅದೇ ಹುಡುಗ, ತಲೆ ಬೋಳಾಗಿ,
ಸೀಮೆಸುಣ್ಣ ಹಿಡಿದು ಹೇಳಿದ:
ಕೋಶದ ಗೋಡೆ ಗೋಡೆಯಲ್ಲ, ಎಣ್ಣೆಯ ಎರಡು ಪದರ.
ಹೊರಗಿನ ಸೋಡಿಯಂ ಒಳಕ್ಕೆ ಜಿನುಗುತ್ತದೆ,
ಒಳಗಿನ ಪೊಟ್ಯಾಸಿಯಂ ಹೊರಕ್ಕೆ.
ಪದರದ ನಡುವೆ ಕೂತ ಕೂಲಿಯಾಳು
ಮೂರು ಹೊರಗೆ, ಎರಡು ಒಳಗೆ,
ಮೂರು ಹೊರಗೆ, ಎರಡು ಒಳಗೆ.
ಪ್ರತಿ ಸಲಕ್ಕೂ ಕೂಲಿ ಒಂದು ಎಟಿಪಿ.
ಸುಮ್ಮನೆ ಮಲಗಿದ್ದಾಗಲೂ ನಾವು ತಿಂದ ಬ್ರೆಡ್ಡಿನ
ಹೆಚ್ಚುಕಡಿಮೆ ಕಾಲು ಭಾಗ ಇವನಿಗೇ.

ಇದು ನನಗೆ ಗೊತ್ತು, ಎಂದಳು ಯುಟ್ಟೆ.

ಅಪ್ಪನ ದೋಣಿ ಸೋರುತ್ತಿತ್ತು. ಮರದ ದೋಣಿ ಯಾವುದು ಸೋರುವುದಿಲ್ಲ?
ಏಳನೆಯ ವಯಸ್ಸಿನಿಂದ
ಹೆರ್ರಿಂಗ್ ಮೀನಿನ ಖಾಲಿ ಡಬ್ಬಿಯಲ್ಲಿ ಮೊಗೆದು ಮೊಗೆದು ಚೆಲ್ಲಿದವಳು ಅವಳು.
ಮುಗಿಯಿತು ಎಂಬುದಿಲ್ಲ.
ಸಂದು ಮುಚ್ಚಬಾರದೇ ಎಂದು ಕೇಳಿದ್ದಳು ಒಮ್ಮೆ.
ಒಣಗಿದರೆ ಹಲಗೆ ಬಾಯಿಬಿಡುತ್ತದೆ ಮಗಳೇ,
ಒದ್ದೆಯಲ್ಲೇ ಅದರ ಬಿಗಿ. ನೀನು ಮೊಗೆ.

ಅವನ ಎದೆ ಸೋತ ಚಳಿಗಾಲದಲ್ಲಿ
ವೈದ್ಯರು ಬರೆದುಕೊಟ್ಟ ಹನಿ,
ಬೇಲಿಬದಿಯ ನೇರಳೆ ಗಂಟೆಹೂವಿನ ಗಿಡದ್ದು.
ಅದು ಮಾಡುವುದಿಷ್ಟೇ: ಆ ಕೂಲಿಯಾಳುಗಳಲ್ಲಿ
ಕೆಲವರ ಕೈ ಹಿಡಿದು ನಿಲ್ಲಿಸುತ್ತದೆ.
ತುಸು ಉಪ್ಪು ಒಳಗುಳಿಯುತ್ತದೆ,
ಸೋತ ಗುಂಡಿಗೆ ಬಿಗಿಯಾಗಿ ಮುಷ್ಟಿ ಕಟ್ಟುತ್ತದೆ.
ಇಷ್ಟಾದರೆ ಔಷಧಿ, ಇನ್ನಿಷ್ಟಾದರೆ ವಿಷ.
ದೀಪದೆದುರು ಚಮಚ ಹಿಡಿದು
ಅವಳು ಎಣಿಸುತ್ತಿದ್ದಳು, ಉಸಿರು ಬಿಡದೆ.
ಏಪ್ರಿಲ್‌ವರೆಗೆ ಎಣಿಸಿದಳು.

ಒಳಗು ಹೊರಗು ಒಂದಾಗುವುದೆಂದರೆ
ನಮ್ಮಲ್ಲಿ ಬಲು ದೊಡ್ಡ ಮಾತು. ಕೈಮುಗಿದು ಆಡುತ್ತೇವೆ.
ಯುಟ್ಟೆಗೆ ನಮ್ಮ ಮಾತು ಬಾರದು.
ಒಳಗೂ ಹೊರಗೂ ಒಂದೇ ಉಪ್ಪಾದಾಗ
ಕೋಶ ಹೇಗೆ ಊದಿ, ಹೇಗೆ ಬಿಡುತ್ತದೆಂದು ಬಲ್ಲಳು.
ಆ ಬೆಳಗಿನ ಜಾವ ಅಪ್ಪನ ಪಾದ ಒತ್ತಿ ನೋಡಿದಳು.
ಒತ್ತಿದ ಗುಳಿ ಹಾಗೇ ಉಳಿಯಿತು.

ಮಣ್ಣು ಮಾಡಿ ಬಂದ ಮರುದಿನ ಕಡಲಿಗೆ ಹೋದಳು.
ಯಾರೂ ಮೊಗೆಯದ ದೋಣಿ
ಅಂಚಿನವರೆಗೂ ಕಟ್ಟೆಗಾಟ್ ತುಂಬಿಕೊಂಡು,
ಸಮುದ್ರದೊಳಗೆ ಇನ್ನೊಂದು ಸಮುದ್ರದ ಹಾಗೆ, ಸುಮ್ಮನಿತ್ತು.
ದಡದಲ್ಲಿ ಕೂತು ರೈ ಬ್ರೆಡ್ಡು ತಿಂದಳು, ಪೂರಾ ತಿಂದಳು.
ಡಬ್ಬಿ ಎಲ್ಲಿದೆ ಎಂದು ಹುಡುಕಿದಳು.
ಮಂಗಳವಾರ.
ಗೋಣಿ ಒದ್ದೆ ಮಾಡಬೇಕು.