ಸದ್ದು ವಾಪಸ್ಸು ಹಾಕಿಸಿದ್ದು

ನನ್ನ ಸೈಕಲ್ಲಿನ ಹಣೆಯ ಬಿಲ್ಲೆ ಸವೆದು ಸವೆದು
ಈಗ ಬರೀ ಹಿತ್ತಾಳೆ. ಅಕ್ಷರವಿಲ್ಲ.
ಮಿಲಾನಿನದು, ಅನ್ನುತ್ತಾನೆ ಕ್ಷೌರದ ಅಸ್ಮೆರೋಮ್.
ಟೂರಿನಿನದು, ಅನ್ನುತ್ತಾನೆ
ಅವನ ಕುರ್ಚಿಯಲ್ಲಿ ಅರ್ಧ ಗಡ್ಡ ಬಿಟ್ಟು ಕೂತವನು.
ಕತ್ತಿ ಕೈಲಿದ್ದವನ ಮಾತೇ ಕೊನೆಗೆ ಗೆಲ್ಲುತ್ತದೆ.
ನಾನು ಸುಮ್ಮನಿರುತ್ತೇನೆ.
ಹುಟ್ಟಿದೂರು ಮರೆತು ಬಂದವರನ್ನು ಅಸ್ಮಾರಾ
ಒಂದು ಮಕಿಯಾಟೋ ಕುಡಿಸಿ
ತನ್ನ ಲೆಕ್ಕಕ್ಕೆ ಬರಕೊಳ್ಳುತ್ತದೆ.

ಅಪ್ಪ ಕೊಂಡದ್ದು ಇದು, ಹೊಲಿಗೆ ಮಿಶನ್ನು ಮಾರಿ.
ಆಮೇಲೆ ಏಳು ವರ್ಷ ಅಮ್ಮ ಇದನ್ನು
‘ನನ್ನ ಮಿಶನ್ನು’ ಅಂತಲೇ ಕರೆದಳು.

ಈಗ ಒಂದೊಂದೇ ಎಣಿಸಿದರೆ
ಹಿಂದಿನ ಗಾಲಿ ಒಬ್ಬ ಪಾದ್ರಿಯದು.
ಮುಂದಿನದು ಯಾವುದೋ ರೇಸಿನಲ್ಲಿ ಕೊನೆಗೆ ಬಂದವನದು,
ಇವತ್ತಿಗೂ ಜನ ಕಂಡರೆ ಎಡಕ್ಕೆ ಸರಿಯುತ್ತದೆ.
ಮಡ್‌ಗಾರ್ಡು ಟೊಮ್ಯಾಟೊ ಡಬ್ಬದ ತಗಡು,
ಬ್ರೇಕಿಗೆ ಲಾರಿ ಟೈರಿನ ತುಂಡು,
ಸೀಟು ಮಾತ್ರ ನಾನೇ ಕಡೆದ ಶಿಲ್ಪ,
ಮೂವತ್ತೊಂದು ವರ್ಷ, ಉಳಿ ಸುತ್ತಿಗೆ ಇಲ್ಲದೆ.
ಅಪ್ಪನ ಕಾಲದ್ದು ಅಂತ ಉಳಿದದ್ದು
ಕಿರ್ರ್‌ಚಕ್, ಕಿರ್ರ್‌ಚಕ್,
ಅದೊಂದೇ.

ತಂಗಿಯ ಮಗಳು ಫೆವೆನ್‌ಳದು ರೇಸಿನ ಸೈಕಲ್ಲು.
ಕಿರುಬೆರಳಲ್ಲಿ ಎತ್ತುತ್ತಾಳೆ, ಊಟದ ತಟ್ಟೆಯ ಹಾಗೆ.
‘ಮಾವ, ನಿಮ್ಮದು ಎಷ್ಟು ಕಿಲೋ?’
ಹಿರಿಯರ ತೂಕ ಕೇಳಬಾರದು ಮಗಳೇ.
ಅವಳು ಹೋದರೆ ಗಾಳಿಗೇ ಗೊತ್ತಾಗುವುದಿಲ್ಲ,
ನಾನು ಹೊರಟರೆ ಮೂರು ಬೀದಿಯ ನಾಯಿಗಳಿಗೆ
ಮೊದಲೇ ಕಾಗದ ಹಾಕಿದ ಹಾಗೆ.

ಭಾನುವಾರ ನಾವು ಆರು ಜನ, ಕೋಟು, ಟೊಪ್ಪಿ, ಟೈ ಸಮೇತ,
ನೆಫಾಸಿತ್ ಇಳಿಜಾರಿಗೆ ಬೀಳುತ್ತೇವೆ.
ಕೆಳಗಿನಿಂದ ಮಂಜು ಮೇಲೇರಿ ಬರುತ್ತದೆ,
ಮೇಲಿನಿಂದ ನಾವು.
ತಿರುವಿನ ಕಟ್ಟೆಯ ಮೇಲೆ ಕೂತ ಮಂಗಗಳು
ತೀರ್ಪುಗಾರರ ಹಾಗೆ ನೋಡುತ್ತವೆ, ನಗುವುದಿಲ್ಲ.
ಪಾಪಾಸುಕಳ್ಳಿ ಹಣ್ಣು ಮಾರುವ ಹುಡುಗರು
‘ಅಜೋಖಾ! ಅಜೋಖಾ!’ ಎಂದು ಕೂಗುತ್ತಾರೆ,
ಹತ್ತುವವರಿಗೆ ಕೂಗಬೇಕಾದ್ದನ್ನು ಇಳಿಯುವವರಿಗೆ.
ಬ್ರೇಕು ಗೊತ್ತಿದ್ದವರು, ಪಾಪ.
ವಾಪಸ್ಸು ಬರುವುದು ಬಸ್ಸಿನಲ್ಲಿ.
ಸೈಕಲ್ಲುಗಳು ಮೇಲೆ, ಕೋಳಿಗಳ ಪಕ್ಕ.
ಈ ವಿಷಯ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ಹೋದ ತಿಂಗಳು ಮೆದೆಬರ್ ಸಂತೆಗೆ ಹೋಗಿದ್ದೆ.
ಅಲ್ಲಿ ಎಣ್ಣೆ ಪೀಪಾಯಿ ಒಲೆಯಾಗುತ್ತದೆ,
ಟೈರು ಚಪ್ಪಲಿಯಾಗುತ್ತದೆ,
ಸಾಯಲು ಯಾವ ಕಬ್ಬಿಣಕ್ಕೂ ಅಪ್ಪಣೆ ಇಲ್ಲ.
ಓಕ್ಬಾಜ್ಗಿ ನನ್ನ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ
ಪೆಡಲು ತಿರುವಿ, ಕಿವಿಯಿಟ್ಟು,
ಕೇಳದೆಯೇ ಎರಡು ಹನಿ ಎಣ್ಣೆ ಬಿಟ್ಟ.
ದುಡ್ಡು ಬೇಡ ಅಂದ.

ಮನೆ ಮುಟ್ಟಿದೆ. ಬಾಗಿಲು ಮುಚ್ಚಿತ್ತು.
ಕಾಫಿ ಹುರಿದ ಹೊಗೆ ಇಲ್ಲ, ಜೆಬೆನಾ ಒಲೆಯ ಮೇಲಿಲ್ಲ.
ತಟ್ಟಿದರೆ ಮೆಹ್ರೆತ್ ಒಳಗಿನಿಂದ, ‘ಯಾರು?’
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ನಾನು ಯಾರು ಅಂತ ಹೇಳಬೇಕಾಯಿತು,
ಅದೂ ನನ್ನ ಹೊಸ್ತಿಲಲ್ಲಿ ನಿಂತು,
ಕೈಲಿ ಟೊಪ್ಪಿ ಹಿಡಿದು.
ಅವಳಿಗೆ ಕಿರ್ರ್‌ಚಕ್ ಕೇಳಿದ ಮೇಲೇ ಬೀಜ ಬಾಣಲೆಗೆ.
ಬೀದಿಯ ಆ ತುದಿಯಿಂದ ಈ ತುದಿಗೆ
ಸರಿಯಾಗಿ ಒಂದು ಹಿಡಿ ಹುರಿಯುವಷ್ಟು ದೂರ.

ಮಾರನೇ ದಿನ ಓಕ್ಬಾಜ್ಗಿಯ ಮುಂದೆ ನಿಂತೆ:
‘ಸದ್ದು ವಾಪಸ್ಸು ಹಾಕಿಕೊಡು.’
ಅವನು ನಗಲಿಲ್ಲ. ಮೂರು ವಾಷರು ಹಾಕಿ ತೆಗೆದ,
ಚಿಟಿಕೆ ಮರಳು, ಒಂದು ತುಕ್ಕಿನ ಮೊಳೆ,
ಪಿಟೀಲು ಶ್ರುತಿ ಮಾಡುವವನ ಹಾಗೆ ಕಣ್ಣು ಮುಚ್ಚಿ.
ಐವತ್ತು ನಕ್ಫಾ ಅಂದ.
‘ತೆಗೆದದ್ದಕ್ಕೆ ಪುಕ್ಕಟೆ, ಹಾಕಿದ್ದಕ್ಕೆ ಇಷ್ಟಾ?’
‘ಎಣ್ಣೆ ಯಾರು ಬೇಕಾದರೂ ಬಿಡುತ್ತಾರೆ’ ಅಂದ.

ಈಗ ಸದ್ದು ಬಂದಿದೆ. ಒಂದೆಳೆ ಸಣ್ಣದು,
ಕಿರ್ರ್ ಅಲ್ಲ, ಕಿರ್ರೀ.
ಮೊದಲ ಬಟ್ಟಲು ಬಗ್ಗಿಸುತ್ತ ಮೆಹ್ರೆತ್ ಕೇಳಿದಳು:
‘ಯಾಕೆ, ಅದಕ್ಕೆ ನೆಗಡಿಯೇ?’
ಮೂರನೇ ಬಟ್ಟಲಿನ ಹೊತ್ತಿಗೆ
ಅಪ್ಪನಿಗೂ ಚಳಿಗಾಲದಲ್ಲಿ ಗಂಟಲು ಹಾಗೇ ಆಗುತ್ತಿತ್ತು
ಅಂತ ನೆನಪಾಯಿತು,
ಅಥವಾ ಐವತ್ತು ನಕ್ಫಾ ಕೊಟ್ಟದ್ದಕ್ಕೆ
ಹಾಗೆ ನೆನಪು ಮಾಡಿಕೊಂಡೆ.